ತಾಲ್ಲೂಕು ಡಿಗ್ರಿ ಕಾಲೇಜು: ಹಾಸ್ಟೆಲ್ಲೋ, ವಿದ್ಯಾಸಿರಿಯೋ?

ಹಳ್ಳಿ ಕಡೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರುವವರು ಫೀಸಿಗಿಂತ ಮೊದಲು ಊಟ, ವಸತಿಯ ಲೆಕ್ಕ ಹಾಕಬೇಕು. ಹಿಂದುಳಿದ ವರ್ಗಗಳ ಹಾಸ್ಟೆಲ್‌ನಲ್ಲಿ ಸೀಟು ಸಿಗದ ಅರ್ಹರಿಗೆ ಊಟ, ವಸತಿಗೆಂದು ಸರ್ಕಾರ ಹಣ ಕೊಡುವ ಯೋಜನೆ ವಿದ್ಯಾಸಿರಿ; ಅದರಲ್ಲಿ ಮೊದಲು ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹಣ ತಡವಾಗಿ ಬರುವುದೇ ಹೆಚ್ಚು, ಬಾಡಿಗೆಯೋ ತಿಂಗಳು ತಿಂಗಳು ಕಟ್ಟಬೇಕು. ಹಾಗಾಗಿ ಸೀಟು ಸಿಕ್ಕರೆ ಹಾಸ್ಟೆಲ್ಲೇ ಲೇಸು, ಸಾರು ನೀರಾಗಿದ್ದರೂ ಸರಿ.

ವಿದ್ಯಾಸಿರಿಗೆ ಅರ್ಜಿ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ (RD ಎಂದು ಶುರುವಾಗುವುದು) ಬೇಕು. ಎಡವುವುದು ಹೆಚ್ಚಾಗಿ ಹೆಸರಿನಲ್ಲಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದು ಆಧಾರ್‌ನಲ್ಲಿ ಇಲ್ಲದಿದ್ದರೆ ತಾಳೆಯಾಗದು. ಅದನ್ನು ರಜೆಯಲ್ಲೇ ತಿದ್ದಿಸಿ.

ಅರ್ಜಿ ಮಂಜೂರಾದರೂ ದುಡ್ಡು ಬಾರದಿದ್ದರೆ ಬ್ಯಾಂಕ್ ಕಡೆ ನೋಡಿ. ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ನೋಂದಣಿ, ಆಗಿರಬೇಕು. ಕೊನೆಯದಾಗಿ ಮ್ಯಾಪ್ ಆದ ಖಾತೆಗೇ ಹಣ ಹೋಗುತ್ತದೆ. ಮರೆತುಹೋದ ಹಳೇ ಖಾತೆ ಅದಾಗಿದ್ದು ನಿಷ್ಕ್ರಿಯವಾಗಿದ್ದರೆ ಹಣ ವಾಪಸ್.

ರೈತರ ಮಕ್ಕಳಿಗೆಂದು 2021ರಲ್ಲಿ ಘೋಷಣೆಯಾದ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ, ಬಿಎಸ್ಸಿಗೆ ನಿಗದಿಯಾದದ್ದು ವರ್ಷಕ್ಕೆ ಹುಡುಗರಿಗೆ 5,000 ರೂಪಾಯಿ, ಹುಡುಗಿಯರಿಗೆ 5,500. ಪೋಷಕರಿಗೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇರಬೇಕು. ಇದನ್ನು ನಂಬಿ ಬಜೆಟ್ ಹಾಕಬೇಡಿ, ಬಂದರೆ ಬಂತು.

ಕ್ಯಾಂಪಸ್ ನೋಡಲು ಹೋದಾಗ ಕಟ್ಟಡ ನೋಡಬೇಡಿ. ನಿಮ್ಮ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೋ ಅತಿಥಿ ಉಪನ್ಯಾಸಕರೋ, ಲ್ಯಾಬ್ ಮುಗಿದ ಮೇಲೆ ಊರಿಗೆ ಬಸ್ಸಿದೆಯೋ, ಕೇಳಿ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ಉಚಿತ, ಆದರೆ ಬಸ್ಸೇ ಇಲ್ಲದ ಊರಿಗೆ ಅದರಿಂದೇನು?