ಸರಾಸರಿ ಲೆಕ್ಕಕ್ಕೆ ಪೂರ್ತಿ ಸಿಗದ ಫೋಮ್

ಲೇಸರ್ ಪ್ರಯೋಗದ ದಿನ ಹೆಚ್ಚಿನ ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ಚೇಂಬರ್‌ನಿಂದ ಗಾಳಿ ಪೂರ್ತಿ ಹೊರಹೋಗಬೇಕು, ಟಾರ್ಗೆಟ್, ಅಂದರೆ ಲೇಸರ್ ಬೀಳುವ ವಸ್ತು, ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕದಲ್ಲಿ ತನ್ನ ಜಾಗದಲ್ಲಿ ಕೂರಬೇಕು, ಹಿಂದಿನ ಶಾಟ್‌ನಿಂದ ಬಿಸಿಯಾದ ಗಾಜಿನ ಆಂಪ್ಲಿಫೈಯರ್‌ಗಳು ತಣ್ಣಗಾಗಬೇಕು. ಆವತ್ತಿನ ಟಾರ್ಗೆಟ್ ಒಂದು ಫೋಮ್ ತುಂಡು. ದಪ್ಪ ಸುಮಾರು 300 ಮೈಕ್ರಾನ್, ಸಾಂದ್ರತೆ ಘನ ಸೆಂಟಿಮೀಟರಿಗೆ 50 ಮಿಲಿಗ್ರಾಂ, ಅಂದರೆ ನೀರಿನ ಇಪ್ಪತ್ತನೇ ಒಂದು ಪಾಲು. ಒಂದು ಬದಿಗೆ ಪ್ಲಾಸ್ಟಿಕ್ ಪದರ, ಇನ್ನೊಂದು ಬದಿಗೆ ಕ್ವಾರ್ಟ್ಜ್ ಬಿಲ್ಲೆ. ಲೇಸರ್ ಬಿದ್ದಾಗ ಪ್ಲಾಸ್ಟಿಕ್ ಹಿಂದಕ್ಕೆ ಚಿಮ್ಮುತ್ತದೆ, ಆ ಒದೆತಕ್ಕೆ ಆಘಾತ ತರಂಗ ಫೋಮ್ ಒಳಗೆ ನುಗ್ಗುತ್ತದೆ. ಅದು ಕ್ವಾರ್ಟ್ಜ್ ಮುಟ್ಟುವ ಗಳಿಗೆಯನ್ನು, ಬೆಳಕು ಎಲ್ಲಿ ಯಾವಾಗ ಮೂಡಿತು ಎಂದು ಅತಿ ಸೂಕ್ಷ್ಮವಾಗಿ ದಾಖಲಿಸುವ ಸ್ಟ್ರೀಕ್ ಕ್ಯಾಮೆರಾ ಹಿಡಿಯಬೇಕು.

ನಮ್ಮ ತಂಡದ ಹಿರಿಯರು ಬೆಳಿಗ್ಗೆಯೇ ಹೇಳಿದ್ದರು, "ಫೋಮ್ ಒಳಗಿನ ಗೂಡುಗಳ ಚಿಂತೆ ಬಿಡಿ, ಅದೇ ಸಾಂದ್ರತೆಯ ಗ್ಯಾಸ್ ಅಂದುಕೊಂಡು ಸರಾಸರಿ ಹಾಕಿ." ಆ ಲೆಕ್ಕ ಸುಲಭ. ಬಲವಾದ ಆಘಾತ ತರಂಗದ ವೇಗ, ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿದ ಸಂಖ್ಯೆಯ ವರ್ಗಮೂಲದ ಜೊತೆ ಏರಿಳಿಯುತ್ತದೆ. ವಾತಾವರಣದ ಸುಮಾರು 3 ಲಕ್ಷ ಪಟ್ಟು ಒತ್ತಡ ಹಾಕಿದರೆ ಸೆಕೆಂಡಿಗೆ 28 ಕಿಲೋಮೀಟರ್ ಆಸುಪಾಸು ಬರುತ್ತದೆ. ಅಂದರೆ ಫೋಮ್ ದಾಟುವುದಕ್ಕೆ ಹತ್ತು ಹನ್ನೊಂದು ನ್ಯಾನೊಸೆಕೆಂಡ್ (ಒಂದು ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು).

ಶಾಟ್ ಆಯಿತು. ಸರಾಸರಿ ಸಮಯ ಲೆಕ್ಕದ ಹತ್ತಿರವೇ ಇತ್ತು. ಆದರೆ ನನ್ನ ಕಣ್ಣು ನಿಂತದ್ದು ಕ್ಯಾಮೆರಾದ ಚಿತ್ರದಲ್ಲಿ ಬೆಳಕು ಮೂಡಿದ ಅಂಚಿನ ಮೇಲೆ. ಘನ ಪ್ಲಾಸ್ಟಿಕ್‌ನಲ್ಲಿ ಆ ಅಂಚು ನೇರ ಗೆರೆ. ಇಲ್ಲಿ ಒಂದು ಕಡೆ ಮುಂಚೆ, ಪಕ್ಕದಲ್ಲೇ ತಡವಾಗಿ, ಉದ್ದಕ್ಕೂ ಹಲ್ಲು ಹಲ್ಲಾಗಿತ್ತು. "ಸರ್, ಇದನ್ನ ಸ್ವಲ್ಪ ನೋಡಿ" ಅಂದೆ. ಅವರು ಹತ್ತಿರ ಬಂದು ನೋಡಿ, "ಇದು ಕ್ಯಾಮೆರಾದ ಗಲಾಟೆ ಅಲ್ಲ ಅಲ್ವಾ?" ಅಂತ ಕೇಳಿದರು. ಅದೇ ದಿನ ಪ್ಲಾಸ್ಟಿಕ್ ಮೇಲೆ ಮಾಡಿದ ಶಾಟ್‌ನ ಚಿತ್ರವನ್ನು ಪಕ್ಕದಲ್ಲಿಟ್ಟೆವು. ಅದೇ ಕ್ಯಾಮೆರಾ, ಅದೇ ಲೇಸರ್, ಅಲ್ಲಿ ಗೆರೆ ಸ್ವಚ್ಛವಾಗಿತ್ತು. ಈ ಹಲ್ಲುಗಳು ಫೋಮಿನವೇ.

ಒಳಗೆ ನಡೆಯುವುದು ಹೀಗೆ. ಫೋಮ್ ಅಂದರೆ ತೆಳ್ಳನೆ ಗೋಡೆಗಳು, ಎಳೆಗಳು, ನಡುವೆ ಖಾಲಿ ಜಾಗ. ತರಂಗ ಒಂದು ಗೋಡೆಯನ್ನು ಹಾದು ಆಚೆ ಬದಿಗೆ ಬಂದಾಗ ಅಲ್ಲಿ ತಡೆಯುವವರು ಯಾರೂ ಇಲ್ಲ. ಗೋಡೆಯ ವಸ್ತು ಒಡೆದು ಖಾಲಿ ಜಾಗಕ್ಕೆ ಚಿಮ್ಮುತ್ತದೆ, ಹೋಗಿ ಮುಂದಿನ ಗೋಡೆಗೆ ಬಡಿಯುತ್ತದೆ, ಅಲ್ಲಿ ನಿಂತು ಬಿಸಿಯಾಗುತ್ತದೆ, ಆ ಬಡಿತದಿಂದ ಒಂದು ಪುಟ್ಟ ಆಘಾತ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೊರಡುತ್ತದೆ. ಇದು ಎಲ್ಲ ಗೂಡುಗಳಲ್ಲೂ ಒಂದೊಂದು ಬಗೆಯಲ್ಲಿ ನಡೆಯುತ್ತಿರುತ್ತದೆ. ಹಾಗಾಗಿ ತರಂಗದ ಮುಂಚೂಣಿ ಒಂದು ತೆಳು ಹಾಳೆಯಾಗಿ ಉಳಿಯುವುದಿಲ್ಲ, ಗೂಡುಗಳ ಅಳತೆಗೆ ತಕ್ಕಂತೆ ದಪ್ಪವಾಗುತ್ತದೆ. ಅದು ದಾಟಿ ಹೋದ ಮೇಲೂ ಹಿಂದೆ ಸುಳಿಗಳು ಉಳಿಯುತ್ತವೆ. ಶಕ್ತಿಯ ಒಂದು ಪಾಲು ಆ ಸುಳಿಗಳಲ್ಲೇ ಸ್ವಲ್ಪ ಹೊತ್ತು ಸಿಕ್ಕಿಕೊಂಡಿರುತ್ತದೆ. ವೇಗವನ್ನು ಸರಾಸರಿ ಲೆಕ್ಕ ಚೆನ್ನಾಗಿಯೇ ಹೇಳುತ್ತದೆ, ಈ ಗಲಿಬಿಲಿಯನ್ನು ಮಾತ್ರ ಹೇಳುವುದಿಲ್ಲ. ನನಗೆ ಮುಖ್ಯ ಅನಿಸುವುದು ಅದೇ.

ಯಾಕೆಂದರೆ ಇಂಥ ಫೋಮ್ ಬೇಕಾಗಿರುವುದು ಲೇಸರ್ ಸಮ್ಮಿಳನಕ್ಕೆ, ಅಂದರೆ ಹಗುರ ಪರಮಾಣುಗಳ ಬೀಜಗಳು ಕೂಡಿ ಶಕ್ತಿ ಕೊಡುವ ಕ್ರಿಯೆಗೆ. ಅದಕ್ಕೆ ಇಂಧನವನ್ನು ಆದಷ್ಟು ತಣ್ಣಗೆ ಇಟ್ಟುಕೊಂಡೇ ಹಿಂಡಬೇಕು. ಮೊದಲೇ ಕಾದರೆ ಆಮೇಲೆ ಅದನ್ನು ಒತ್ತುವುದು ಕಷ್ಟ. ಒಂದರ ಹಿಂದೆ ಒಂದು ಬರುವ ಆಘಾತಗಳು ಸರಿಯಾದ ಜಾಗದಲ್ಲಿ ಕೂಡಿಕೊಳ್ಳಬೇಕು. ಫೋಮ್‌ನಲ್ಲಿ ಖಾಲಿ ಜಾಗವನ್ನೂ ಮುಚ್ಚಬೇಕಾದ್ದರಿಂದ ಒತ್ತುವ ಕೆಲಸ ಜಾಸ್ತಿ. ಅದೇ ಒತ್ತಡಕ್ಕೆ ಅದೇ ವಸ್ತುವಿನ ಘನ ತುಂಡಿಗಿಂತ ಫೋಮ್ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ.

ಇಷ್ಟು ತಲೆನೋವಿದ್ದರೂ ಫೋಮ್ ಯಾಕೆ ಬೇಕು? ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 2022ರ ಡಿಸೆಂಬರ್ 5ರಂದು 2.05 ಮೆಗಾಜೌಲ್ ಲೇಸರ್ ಶಕ್ತಿಗೆ 3.15 ಮೆಗಾಜೌಲ್ ಸಮ್ಮಿಳನ ಶಕ್ತಿ ಬಂತು. ಆ ಟಾರ್ಗೆಟ್‌ನಲ್ಲಿ ಡ್ಯೂಟೀರಿಯಂ ಟ್ರಿಟಿಯಂ (ಹೈಡ್ರೋಜನ್ನಿನ ಭಾರದ ರೂಪಗಳು) ಇಂಧನ ಹೆಪ್ಪುಗಟ್ಟಿದ ಪದರವಾಗಿತ್ತು. ಅಂಥ ನಯವಾದ ಪದರ ಬೆಳೆಸಲು ದಿನಗಟ್ಟಲೆ ಬೇಕು. ಮುಂದೆ ಇದೇ ದಾರಿಯಲ್ಲಿ ವಿದ್ಯುತ್ ಸ್ಥಾವರ ಕಟ್ಟಿದರೆ, ಸೆಕೆಂಡಿಗೆ 10 ಟಾರ್ಗೆಟ್ ಅಂದುಕೊಂಡರೂ ದಿನಕ್ಕೆ 8,64,000. ಹಾಗೆ ಒಂದೊಂದನ್ನೇ ಬೆಳೆಸುತ್ತಾ ಕೂರಲು ಆಗುತ್ತದಾ? ಅದಕ್ಕೇ ದ್ರವ ಇಂಧನವನ್ನು ಸ್ಪಂಜು ನೀರು ಹೀರಿದ ಹಾಗೆ ಫೋಮ್‌ಗೆ ಹೀರಿಸಿಬಿಡುವ ಯೋಚನೆ. ಖಾಲಿ ಜಾಗ ದ್ರವದಿಂದ ತುಂಬಿದಾಗ ಸಾಂದ್ರತೆಯ ವ್ಯತ್ಯಾಸವೂ ಇಳಿಯುತ್ತದೆ, ಗಲಿಬಿಲಿಯೂ ಕಡಿಮೆ. ಆದರೆ ಫೋಮಿನ ಇಂಗಾಲ ಇಂಧನದ ಬಿಸಿಯನ್ನು ಎಕ್ಸ್-ರೇ ರೂಪದಲ್ಲಿ ಹೊರಗೆ ಸುರಿಯುತ್ತದೆ. ಹಾಗಾಗಿ ಫೋಮ್ ಆದಷ್ಟು ಹಗುರವಾಗಿರಬೇಕು.

ಸಂಜೆ ಕಾಗದದ ಮೇಲೆ ಗೀಚುತ್ತಾ ಕೂತಾಗ ಹಿರಿಯರೇ ಹೇಳಿದರು, "ಹಾಗಾದ್ರೆ ಗೂಡಿನ ಅಳತೆ ಬದಲಾಯಿಸಿ ನೋಡೋಣ." ನನಗೆ ತುಂಬಾ ಖುಷಿಯಾಯಿತು. ಮಾಮೂಲಿ ಫೋಮಿನಲ್ಲಿ ಗೂಡುಗಳು ಅಡ್ಡಾದಿಡ್ಡಿ ಬೆಳೆಯುತ್ತವೆ, ಲೇಸರ್‌ನಿಂದ ಎಳೆ ಎಳೆಯಾಗಿ ಮುದ್ರಿಸಿದರೆ ಅಳತೆ ನಮ್ಮ ಕೈಯಲ್ಲಿರುತ್ತದೆ. ಟಾರ್ಗೆಟ್ ಮಾಡುವವರಿಗೆ ಅವತ್ತೇ ಬರೆದೆವು. ಒಂದರಲ್ಲಿ ಎಳೆಗಳ ನಡುವೆ 5 ಮೈಕ್ರಾನ್, ಇನ್ನೊಂದರಲ್ಲಿ 20. ಎಳೆಯ ದಪ್ಪವನ್ನೂ ಅದೇ ಪ್ರಮಾಣದಲ್ಲಿ ಬದಲಿಸಿ, ಸರಾಸರಿ ಸಾಂದ್ರತೆ ಎರಡರಲ್ಲೂ ಒಂದೇ ಇರಲಿ, ಕ್ವಾರ್ಟ್ಜ್ ಬಿಲ್ಲೆ ಮೊದಲಿನದೇ ಸಾಕು.