ಯೆಹೂದ್ಯ, ಕ್ರೈಸ್ತ, ಇಸ್ಲಾಂ: ಹೋಲಿಕೆಯನ್ನು ಎಲ್ಲಿಂದ ತೊಡಗಬೇಕು

ಕಾಸರಗೋಡಿನ ಯಾವ ಸೌಹಾರ್ದ ಸಭೆಗೆ ಹೋದರೂ ಒಬ್ಬರಲ್ಲ ಒಬ್ಬ ಭಾಷಣಕಾರರ ಬಾಯಲ್ಲಿ ‘ದೇವನೊಬ್ಬ ನಾಮ ಹಲವು’ ಎಂಬ ಮಾತು ಬಂದೇ ಬರುತ್ತದೆ. ಅದರ ಹಿಂದಿನ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ; ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿಗಳೆಲ್ಲ ಒಂದೇ ಬಸ್ಸಿನಲ್ಲಿ ಕೇಳಿಬರುವ ಈ ನೆಲದಲ್ಲಿ ಅಂಥ ಮಾತು ಬೇಕೂ ಹೌದು. ಆದರೆ ಯೆಹೂದ್ಯ, ಕ್ರೈಸ್ತ, ಇಸ್ಲಾಂ ಧರ್ಮಗಳು ನಿಜಕ್ಕೂ ಏನನ್ನು ನಂಬುತ್ತವೆ ಎಂದು ತಿಳಿಯಬಯಸುವವರಿಗೆ ಆ ಮಾತಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಏಕೆಂದರೆ ಈ ಮೂರರ ನಡುವಣ ವಾದ ದೇವರ ಹೆಸರಿನ ಕುರಿತಾಗಿ ನಡೆದದ್ದೇ ಅಲ್ಲ.

ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಬೇಳದ ಶೋಕಮಾತಾ ಇಗರ್ಜಿ ನಮಗೆ ಪರಿಚಿತ. ಯೆಹೂದ್ಯರು ಮಾತ್ರ ನಮ್ಮ ನಡುವೆ ಇಲ್ಲ. ಇದ್ದದ್ದುಂಟು: ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ 12ನೆಯ ಶತಮಾನದಲ್ಲಿ ಬಹುಕಾಲ ಮಂಗಳೂರಿನಲ್ಲಿ ನೆಲೆಸಿದ್ದ, 1132ರಲ್ಲಿ ಅಲ್ಲಿಯೇ ಬರೆಸಿದ ಅವನ ಒಂದು ದಸ್ತಾವೇಜು ಕೈರೋದ ಹಳೆಯ ಸಿನಗಾಗಿನ (ಯೆಹೂದ್ಯರ ಪ್ರಾರ್ಥನಾಮಂದಿರದ) ಕಾಗದದ ರಾಶಿಯಲ್ಲಿ ಉಳಿದುಬಂದಿದೆ. ಅದು ಇತಿಹಾಸದ ಮಾತು. ಇಂದು ನಮಗೆ ಯೆಹೂದ್ಯ ಧರ್ಮ ತಿಳಿಯುವುದು ಉಳಿದೆರಡು ಧರ್ಮಗಳವರ ಮೂಲಕವೇ: ಪಾದ್ರಿಗಳ ಪ್ರವಚನದಲ್ಲಿ ಅದು ಹಳೆಯ ಒಡಂಬಡಿಕೆ, ಅಂದರೆ ಯೇಸುವಿನ ಬರವಿಗೆ ಪೀಠಿಕೆ, ಮದ್ರಸಾದ ಪಾಠದಲ್ಲಿ ಅದು ಮೂಸಾ ನಬಿಗೆ (ಪ್ರವಾದಿ ಮೋಶೆಗೆ) ಇಳಿದು ಅನಂತರದವರ ಕೈಯಲ್ಲಿ ಮಾರ್ಪಟ್ಟ ಗ್ರಂಥದ ಕಥೆ. ಯೆಹೂದ್ಯರು ತಮ್ಮನ್ನು ಯಾರ ಪೀಠಿಕೆಯೆಂದೂ ತಿಳಿದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡರೆ ಹೋಲಿಕೆಯ ಅರ್ಧ ಕೆಲಸ ಮುಗಿದಂತೆ.

ದೇವರು ಯಾರು, ಪ್ರವಾದಿ ಯಾರು, ಗ್ರಂಥ ಯಾವುದು ಎಂದು ಮೂರು ಕಾಲಂ ಹಾಕಿ ಬರೆಯುವುದು ರೂಢಿ. ಹಾಗೆ ಬರೆದಾಗ ಬೈಬಲ್ಲಿನ ಎದುರಿಗೆ ಕುರ್‌ಆನ್, ಯೇಸುವಿನ ಎದುರಿಗೆ ಮುಹಮ್ಮದರು ಬರುತ್ತಾರೆ. ಈ ಜೋಡಣೆಯೇ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಮುಸ್ಲಿಮರಿಗೆ ಕುರ್‌ಆನ್ ದೇವರ ಸಾಕ್ಷಾತ್ ವಾಣಿ. ಪ್ರವಾದಿ ಮುಹಮ್ಮದರು ಅದನ್ನು ತಲುಪಿಸಿದವರು, ತಾವಾಗಿ ರಚಿಸಿದವರಲ್ಲ. ಕ್ರೈಸ್ತರಿಗೆ ದೇವರ ವಾಕ್ಯವು ಪ್ರಕಟವಾದದ್ದು ಪುಸ್ತಕವಾಗಿ ಅಲ್ಲ, ಯೇಸು ಎಂಬ ವ್ಯಕ್ತಿಯಾಗಿ. ಯೋಹಾನನ ಸುವಾರ್ತೆ ತೊಡಗುವುದೇ ಹಾಗೆ. ಮತ್ತಾಯ, ಮಾರ್ಕ, ಲೂಕ, ಯೋಹಾನರು ಆ ವ್ಯಕ್ತಿಯ ಕುರಿತು ಸಾಕ್ಷಿ ನುಡಿದವರು. ಹಾಗಾಗಿ ಇಸ್ಲಾಮಿನಲ್ಲಿ ಕುರ್‌ಆನಿಗಿರುವ ಸ್ಥಾನಕ್ಕೆ ಕ್ರೈಸ್ತರಲ್ಲಿ ಸಮನಾದುದು ಬೈಬಲ್ ಅಲ್ಲ, ಯೇಸುವೇ. ಯೆಹೂದ್ಯರಲ್ಲಿ ಈ ಕೇಂದ್ರಸ್ಥಾನದಲ್ಲಿರುವುದು ಸೀನಾಯಿ ಬೆಟ್ಟದಲ್ಲಿ ದೇವರು ಒಂದು ಜನಾಂಗದೊಂದಿಗೆ ಮಾಡಿಕೊಂಡ ಒಡಂಬಡಿಕೆ ಮತ್ತು ಅದರ ವಿಧಿಗಳಾದ ತೋರಾ. ಬರೆದಿಟ್ಟ ತೋರಾದ ಜೊತೆಗೆ ಬಾಯಿಂದ ಬಾಯಿಗೆ ಬಂದ ತೋರಾವೂ ಉಂಟೆಂದು ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ಪರಂಪರೆ ನಂಬುತ್ತದೆ. ಅದು ಸುಮಾರು ಕ್ರಿ.ಶ. 200ರ ಹೊತ್ತಿಗೆ ಮಿಶ್ನಾ ಎಂಬ ಸಂಗ್ರಹವಾಗಿ, ಮುಂದೆ ಚರ್ಚೆಗಳು ಸೇರಿ ತಾಲ್ಮೂದ್ ಆಗಿ ಬೆಳೆಯಿತು.

ಏಕದೇವತ್ವದ ವಿಚಾರಕ್ಕೆ ಬರೋಣ. ‘ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ’ ಎಂಬ, ತೋರಾದ ಧರ್ಮೋಪದೇಶಕಾಂಡದ ನುಡಿಯನ್ನು ಯೆಹೂದ್ಯರು ದಿನವೂ ಬೆಳಿಗ್ಗೆ ಸಂಜೆ ಹೇಳುತ್ತಾರೆ. ಕುರ್‌ಆನಿನ 112ನೆಯ ಅಧ್ಯಾಯವಾದ ಇಖ್ಲಾಸ್, ಅಲ್ಲಾಹನು ಒಬ್ಬನೆಂದೂ ಅವನು ಹೆತ್ತವನಲ್ಲ, ಹುಟ್ಟಿದವನೂ ಅಲ್ಲವೆಂದೂ ಸಾರುತ್ತದೆ. ಅದನ್ನು ಇಲ್ಲಿನ ಮದ್ರಸಾಗಳಲ್ಲಿ ಪುಟ್ಟ ಮಕ್ಕಳೂ ಕಂಠಪಾಠ ಮಾಡಿರುತ್ತಾರೆ. ಕ್ರೈಸ್ತರ ವಿಶ್ವಾಸಪ್ರಮಾಣವೂ ಆರಂಭವಾಗುವುದು ‘ಒಬ್ಬನೇ ದೇವರನ್ನು ವಿಶ್ವಾಸಿಸುತ್ತೇನೆ’ ಎಂದೇ. ಆದರೆ 325ರಲ್ಲಿ ನೈಸೀಯದಲ್ಲಿ ಕೂಡಿದ ಬಿಷಪರ ಮಹಾಸಭೆಯು, ಪುತ್ರನು ಸೃಷ್ಟಿಗೊಂಡವನೆಂದು ವಾದಿಸಿದ ಆರಿಯಸ್‌ನನ್ನು ತಿರಸ್ಕರಿಸಿ, ಪುತ್ರನು ಹುಟ್ಟಿದವನೇ ಹೊರತು ಸೃಷ್ಟಿಯಾದವನಲ್ಲ, ಪಿತನೊಡನೆ ಒಂದೇ ಸತ್ತ್ವವುಳ್ಳವನು ಎಂದು ನಿರ್ಣಯಿಸಿತು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಪವಿತ್ರಾತ್ಮನ ಕುರಿತ ಮಾತುಗಳು ವಿಸ್ತಾರಗೊಂಡವು. ಮೂವರು ದೇವರಲ್ಲ, ಒಬ್ಬನೇ ದೇವರಲ್ಲಿ ಮೂರು ವ್ಯಕ್ತಿಗಳು ಎಂಬುದು ಅವರ ತ್ರಿತ್ವ ಸಿದ್ಧಾಂತ. ಇದನ್ನು ಬಹುದೇವತಾರಾಧನೆ ಎಂದುಬಿಡುವುದು ಕ್ರೈಸ್ತರಿಗೆ ಅನ್ಯಾಯ. ಇದಕ್ಕೂ ಇಖ್ಲಾಸ್ ಅಧ್ಯಾಯಕ್ಕೂ ಭೇದವಿಲ್ಲವೆನ್ನುವುದು ಇಬ್ಬರಿಗೂ ಅನ್ಯಾಯ.

ನಮ್ಮಲ್ಲಿ ಹಿಂದೂ ಮನೆತನದವರು ಯೇಸುವನ್ನು ಥಟ್ಟನೆ ಅವತಾರಗಳ ಸಾಲಿಗೆ ಸೇರಿಸುವುದುಂಟು. ಆದರೆ 451ರ ಕ್ಯಾಲ್ಸಿಡನ್ ಸಭೆಯ ಪ್ರಕಾರ ಅವನು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಆಗಿದ್ದಾನೆ. ಅವನು ಬಂದದ್ದು ಒಂದೇ ಸಲ, ಸತ್ತದ್ದು ನಿಜವಾಗಿಯೇ ಸತ್ತದ್ದು. ಯುಗಯುಗಗಳಲ್ಲಿ ಮರಳಿ ಮರಳಿ ಬರುವ ಕಲ್ಪನೆಗೆ ಅಲ್ಲಿ ಎಡೆಯಿಲ್ಲ.

ಯೆಹೂದ್ಯ ನಂಬಿಕೆಯನ್ನು ಹದಿಮೂರು ತತ್ತ್ವಗಳಲ್ಲಿ ಕಟ್ಟಿಕೊಟ್ಟ ಮೈಮೊನಿಡೀಸ್ (1138–1204) ಏಕದೇವತ್ವದ ವಿಷಯದಲ್ಲಿ ಬಹಳ ಖಡಾಖಂಡಿತವಾಗಿದ್ದ. ಕಾರ್ಡೊಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ಬಾಳಿದ ಈ ವೈದ್ಯನ ತಮ್ಮ ದಾವೀದ್ ವ್ಯಾಪಾರಕ್ಕೆಂದು ಹೊರಟು ನಮ್ಮ ಹಿಂದೂ ಮಹಾಸಾಗರದಲ್ಲೇ ಮುಳುಗಿ ಸತ್ತವನು. ಮುಸ್ಲಿಮರು ವಿಗ್ರಹಾರಾಧಕರಲ್ಲ, ಅವರ ಏಕದೇವತ್ವ ನಿರ್ದುಷ್ಟವಾದುದು ಎಂದ ಮೈಮೊನಿಡೀಸ್, ತ್ರಿತ್ವದ ಕಾರಣಕ್ಕೆ ಕ್ರೈಸ್ತರ ವಿಷಯದಲ್ಲಿ ಆ ರಿಯಾಯಿತಿ ತೋರಿಸಲಿಲ್ಲ. ಅನಂತರದ ಮೇಯಿರಿಯಂಥ ರಬ್ಬಿಗಳು ಅದನ್ನು ಸಡಿಲಿಸಿದರು. ಬೈಬಲ್ಲಿನ ಬಹುಭಾಗವನ್ನು ಕ್ರೈಸ್ತರೊಡನೆ ಹಂಚಿಕೊಂಡ ಯೆಹೂದ್ಯರು ದೇವರ ಕಲ್ಪನೆಯಲ್ಲಿ ಇಸ್ಲಾಮಿಗೆ ಹತ್ತಿರವಾಗಿರುವುದು ಹಲವರಿಗೆ ಅನಿರೀಕ್ಷಿತವಾಗಿ ಕಾಣಬಹುದು.

ಆದರೂ ಮೂರು ಧರ್ಮಗಳ ದಾರಿ ಬೇರೆಯಾಗುವ ನಿಜವಾದ ಜಾಗ ತ್ರಿತ್ವವಲ್ಲ, ಆದಾಮನ ಕಥೆ ಎಂದು ನನಗೆ ತೋರುತ್ತದೆ. ನಿಷಿದ್ಧ ಫಲ ತಿಂದ ಸಂಗತಿ ಬೈಬಲ್ಲಿನ ಆದಿಕಾಂಡದಲ್ಲೂ ಇದೆ, ಕುರ್‌ಆನಿನಲ್ಲೂ ಇದೆ. ಕುರ್‌ಆನಿನಲ್ಲಿ ಆದಮ್ ತಪ್ಪು ಮಾಡಿದ, ಪಶ್ಚಾತ್ತಾಪಪಟ್ಟ, ಅಲ್ಲಾಹನು ಕ್ಷಮಿಸಿದ; ಅಲ್ಲಿಗೆ ಆ ಪ್ರಕರಣ ಮುಗಿಯಿತು, ಮಕ್ಕಳ ತಲೆಗೆ ಅದು ಬರುವುದಿಲ್ಲ. ಯೆಹೂದ್ಯರಲ್ಲೂ ಪ್ರತಿಯೊಬ್ಬನಲ್ಲಿ ಒಳ್ಳೆಯ ಒಲವೂ ಕೆಟ್ಟ ಒಲವೂ ಇವೆಯೆಂಬ ಮಾತಿದೆಯೇ ಹೊರತು ಹುಟ್ಟಿನಿಂದ ಬಂದ ಅಪರಾಧದ ಕಲ್ಪನೆ ಮುಖ್ಯವಲ್ಲ. ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನದ ಉಪವಾಸ ದೇವರಿಗೆ ಮಾಡಿದ ತಪ್ಪುಗಳನ್ನು ಕಳೆಯುತ್ತದೆ. ನೆರೆಯವನಿಗೆ ಮಾಡಿದ ತಪ್ಪಾದರೆ ಮೊದಲು ಅವನನ್ನೇ ಸಮಾಧಾನಪಡಿಸಬೇಕೆಂದು ಮಿಶ್ನಾ ವಿಧಿಸುತ್ತದೆ. ಕ್ರೈಸ್ತರಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದಿಂದ ತೊಡಗಿ, ವಿಶೇಷವಾಗಿ ಪಶ್ಚಿಮದ ಸಭೆಯಲ್ಲಿ ಅಗಸ್ಟೀನನ ವ್ಯಾಖ್ಯಾನದಿಂದ ಬಲಗೊಂಡು, ಆದಾಮನ ಪಾಪ ಮಾನವಕುಲಕ್ಕೇ ಅಂಟಿದ ಮೂಲಪಾಪವಾಯಿತು. ಮನುಷ್ಯ ತನ್ನ ಪ್ರಯತ್ನದಿಂದ ಅದರಿಂದ ಬಿಡಿಸಿಕೊಳ್ಳಲಾರ. ರೋಗ ಇಷ್ಟು ಗಾಢವೆಂದು ಒಪ್ಪಿದ ಮೇಲೆ ದೇವರೇ ಬಂದು ಶಿಲುಬೆಯಲ್ಲಿ ಸಾಯಬೇಕಾದ ಅಗತ್ಯ ತಾನಾಗಿ ಬರುತ್ತದೆ. ಒಪ್ಪದಿದ್ದವರಿಗೆ ಶಿಲುಬೆಯೇ ಬೇಕಾಗುವುದಿಲ್ಲ.

ಈ ಹಿನ್ನೆಲೆಯಲ್ಲಿ ಈಸಾ ನಬಿಯ, ಅಂದರೆ ಯೇಸುವಿನ, ಕುರಿತ ಇಸ್ಲಾಮಿನ ನಿಲುವು ಅರ್ಥವಾಗುತ್ತದೆ. ಕುರ್‌ಆನಿನ 19ನೆಯ ಅಧ್ಯಾಯಕ್ಕೆ ಅವರ ತಾಯಿ ಮರ್ಯಮಳದೇ ಹೆಸರು. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿದ ಹೆಣ್ಣು ಅವಳೊಬ್ಬಳೇ. ಈಸಾ ತಂದೆಯಿಲ್ಲದೆ ಹುಟ್ಟಿದವರು, ಪವಾಡಗಳನ್ನು ಮಾಡಿದವರು, ಅಂತ್ಯಕಾಲದಲ್ಲಿ ಮರಳಿ ಬರುವವರು ಎಂದು ಮುಸ್ಲಿಮರು ನಂಬುತ್ತಾರೆ. ಆದರೆ ಅವರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ ಎಂದು 4ನೆಯ ಅಧ್ಯಾಯ ಹೇಳುತ್ತದೆ. ಯೆಹೂದ್ಯರಿಗೋ ಯೇಸು ಮೆಸ್ಸೀಯನಲ್ಲ, ಅಂದರೆ ಅವರು ಕಾಯುತ್ತಿರುವ ಉದ್ಧಾರಕನಲ್ಲ: ಚದುರಿದ ಜನರನ್ನು ಒಂದುಗೂಡಿಸಿ, ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಿಸಬೇಕಾದವನು ಇನ್ನೂ ಬರಬೇಕಾಗಿದೆ.

ಬಲಿ ಪೆರುನ್ನಾಳಿನ (ಬಕ್ರೀದಿನ) ದಿನ ನೆರೆಮನೆಯಿಂದ ಮಾಂಸದ ಪಾಲು ಬರುವುದು ಇಲ್ಲಿನ ಎಷ್ಟೋ ಮನೆಗಳಿಗೆ ಪರಿಚಿತ ಸಂಗತಿ. ತನಗೊಂದು, ನೆಂಟರಿಷ್ಟರಿಗೊಂದು, ಬಡವರಿಗೊಂದು ಎಂದು ಮೂರು ಪಾಲು ಮಾಡುವುದು ವಾಡಿಕೆ. ಇದರ ಹಿಂದಿರುವ ಕಥೆ ಮೂರು ಧರ್ಮಗಳಿಗೂ ಸೇರಿದ್ದು: ದೇವರ ಅಪ್ಪಣೆಯಂತೆ ಅಬ್ರಹಾಮನು ಮಗನನ್ನು ಬಲಿ ಕೊಡಹೊರಟದ್ದು, ಕೊನೆಯ ಗಳಿಗೆಯಲ್ಲಿ ಮಗ ಉಳಿದದ್ದು. ಆದಿಕಾಂಡದ 22ನೆಯ ಅಧ್ಯಾಯದಲ್ಲಿ ಆ ಮಗ ಇಸಾಕ; ಯೆಹೂದ್ಯರು ಹೊಸ ವರ್ಷದ ಎರಡನೆಯ ದಿನ ಸಿನಗಾಗಿನಲ್ಲಿ ಇದನ್ನೇ ಓದುತ್ತಾರೆ, ಪೂರ್ವಜನ ನಿಷ್ಠೆಯನ್ನು ನೆನೆದು ಕರುಣೆ ತೋರೆಂದು ದೇವರನ್ನು ಬೇಡುತ್ತಾರೆ. ಕಥೊಲಿಕರಲ್ಲಿ ಇದು ಈಸ್ಟರ್ ಜಾಗರಣೆಯ ರಾತ್ರಿಯ ಪಾಠಗಳಲ್ಲೊಂದು. ಕಟ್ಟಿಗೆ ಹೊತ್ತು ಬೆಟ್ಟವೇರಿದ ಮಗನಲ್ಲಿ ಅವರು ಕಾಣುವುದು ಶಿಲುಬೆ ಹೊತ್ತ ಯೇಸುವನ್ನು. ಕುರ್‌ಆನ್ ಮಗನ ಹೆಸರನ್ನು ಹೇಳುವುದಿಲ್ಲ. ತಬರಿಯಂಥ ಹಳೆಯ ವ್ಯಾಖ್ಯಾನಕಾರ ಅದು ಇಸ್ಹಾಕ್ (ಇಸಾಕ) ಎಂದೇ ತೀರ್ಮಾನಿಸಿದ್ದ. ಅನಂತರ ಅದು ಅಬ್ರಹಾಮನ ಇನ್ನೊಬ್ಬ ಮಗ ಇಸ್ಮಾಯಿಲ್ ಎಂಬ ಅಭಿಪ್ರಾಯ ನೆಲೆಗೊಂಡಿತು. ಕುರ್‌ಆನಿನ ಕಥೆಯಲ್ಲಿ ತಂದೆ ಮಗನನ್ನು ಕೇಳುತ್ತಾನೆ, ಮಗ ಒಪ್ಪಿಗೆ ಕೊಡುತ್ತಾನೆ. ಅಲ್ಲಿ ಇಬ್ಬರೂ ಶರಣಾದವರು. ಬಲಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ನಿಮ್ಮ ಭಯಭಕ್ತಿಯೇ ತಲುಪುವುದು ಎಂದು 22ನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ. ರಕ್ತದಿಂದ ಪಾಪವಿಮೋಚನೆ ಎಂಬ ಕ್ರೈಸ್ತ ನಂಬಿಕೆಯ ಪಕ್ಕದಲ್ಲಿ ಈ ವಚನವನ್ನಿಟ್ಟು ಓದಿದರೆ ಅಂತರ ಎಷ್ಟೆಂಬುದು ಗೊತ್ತಾಗುತ್ತದೆ.

ಆಚರಣೆಯಲ್ಲಿ ಚಿತ್ರ ಮತ್ತೆ ಬದಲಾಗುತ್ತದೆ. ಯೆಹೂದ್ಯರಿಗೆ ತೋರಾದಲ್ಲಿ 613 ವಿಧಿನಿಷೇಧಗಳೆಂದು ಪರಂಪರೆಯ ಎಣಿಕೆ. ಮುಸ್ಲಿಮರಿಗೆ ಶರೀಅತ್ ಇದೆ. ಕ್ರೈಸ್ತರು ಮೊದಲ ಶತಮಾನದಲ್ಲೇ, ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಕಡ್ಡಾಯವಲ್ಲವೆಂದು ತೀರ್ಮಾನಿಸಿದರು. ನಮ್ಮ ಕರಾವಳಿಯ ಊಟದ ತಟ್ಟೆಯನ್ನೇ ನೋಡಿ. ರೆಕ್ಕೆಯೂ ಪೊರೆಯೂ ಇಲ್ಲದ ಜಲಚರ ಯಾಜಕಕಾಂಡದ ಪ್ರಕಾರ ನಿಷಿದ್ಧವಾದ್ದರಿಂದ ವಿಧಿ ಪಾಲಿಸುವ ಯೆಹೂದ್ಯನಿಗೆ ಸಿಗಡಿ, ಏಡಿ, ಕಲ್ಲುಮ್ಮಕಾಯಿ ಯಾವುದೂ ಸಲ್ಲದು; ಬೆನ್ ಯಿಜು ಮಂಗಳೂರಿನ ಪೇಟೆಯಲ್ಲಿ ಮೀನು ಕೊಂಡಿದ್ದರೆ ಬಂಗುಡೆ, ಭೂತಾಯಿಗಳನ್ನೇ ಆರಿಸಿರಬೇಕು. ಈ ಕರಾವಳಿಯ ಮುಸ್ಲಿಮರು ಅನುಸರಿಸುವ ಶಾಫಿ ಪಂಥದಲ್ಲಿ ಸಿಗಡಿ, ಕಲ್ಲುಮ್ಮಕಾಯಿಗಳಿಗೆ ಅಡ್ಡಿಯಿಲ್ಲ. ಹನಫಿ ಪಂಥದವರು ಮೀನಲ್ಲದ ಜಲಚರಗಳ ವಿಷಯದಲ್ಲಿ ಬಿಗಿ. ಹಂದಿ ಯೆಹೂದ್ಯ, ಮುಸ್ಲಿಂ ಇಬ್ಬರಿಗೂ ವರ್ಜ್ಯ, ಒಂಟೆ ಯೆಹೂದ್ಯರಿಗೆ ಮಾತ್ರ ವರ್ಜ್ಯ. ದ್ರಾಕ್ಷಾರಸ ಯೆಹೂದ್ಯರ ಸಬ್ಬತ್ (ವಾರದ ವಿಶ್ರಾಂತಿದಿನ) ಊಟದಲ್ಲೂ ಕ್ರೈಸ್ತರ ಪರಮಪ್ರಸಾದದಲ್ಲೂ ಪವಿತ್ರ, ಇಸ್ಲಾಮಿನಲ್ಲಿ ಹರಾಮ್.

ವಾರದ ದಿನದ ವಿಷಯವೂ ಬರೀ ಕ್ಯಾಲೆಂಡರಿನದ್ದಲ್ಲ. ಆರು ದಿನ ಸೃಷ್ಟಿಸಿ ಏಳನೆಯ ದಿನ ದೇವರು ವಿಶ್ರಮಿಸಿದನೆಂಬ ಕಾರಣಕ್ಕೆ ಯೆಹೂದ್ಯರು ಶನಿವಾರ ಕೆಲಸ ನಿಲ್ಲಿಸುತ್ತಾರೆ. ಕ್ರೈಸ್ತರಿಗೆ ಭಾನುವಾರ ಪುನರುತ್ಥಾನದ ದಿನ. ಸೃಷ್ಟಿಯಿಂದ ನಮಗೆ ಯಾವ ಆಯಾಸವೂ ತಟ್ಟಲಿಲ್ಲ ಎಂದು ಕುರ್‌ಆನಿನಲ್ಲಿ ಅಲ್ಲಾಹನು ಹೇಳುತ್ತಾನೆ. ಶುಕ್ರವಾರದ ನಮಾಜು ಮುಗಿದೊಡನೆ ಚದುರಿ ದುಡಿಮೆಗೆ ತೊಡಗಲು ಅನುಮತಿಯೂ ಅಲ್ಲೇ ಇದೆ.

ಮರಣಾನಂತರದ ಮಾತು ಇಲ್ಲಿ ಸಂಕ್ಷೇಪವಾಗಿ ಸಾಕು: ಸತ್ತವರ ಪುನರುತ್ಥಾನವನ್ನು ಮೂವರೂ ಒಪ್ಪುತ್ತಾರೆ, ಸ್ವರ್ಗನರಕಗಳ ವಿವರ ಯೆಹೂದ್ಯರ ಬೈಬಲ್ಲಿನಲ್ಲಿ ತೀರ ಕಡಿಮೆ, ಕುರ್‌ಆನಿನಲ್ಲಿ ಧಾರಾಳ.

ಒಂದೇ ಮೂಲವನ್ನು ಪ್ರಮಾಣವೆಂದು ಹಿಡಿದು ಹೀಗೆ ಬೇರೆಬೇರೆ ತೀರ್ಮಾನಕ್ಕೆ ಬರುವುದು ನಮಗೆ ಹೊಸತೇನೂ ಆಗಬೇಕಿಲ್ಲ. 13ನೆಯ ಶತಮಾನದಲ್ಲಿ ನಮ್ಮ ಕುಂಬಳೆ ಸೀಮೆಯಲ್ಲೇ ದ್ವೈತವಾದಿ ಮಧ್ವಾಚಾರ್ಯರೂ ಅದ್ವೈತಿ ತ್ರಿವಿಕ್ರಮ ಪಂಡಿತರೂ ಒಂದೇ ಬ್ರಹ್ಮಸೂತ್ರಗಳನ್ನಿಟ್ಟುಕೊಂಡು ವಾದ ಮಾಡಿದರು. ಇಬ್ಬರ ಪ್ರಮಾಣಗ್ರಂಥ ಒಂದೇ ಆದ್ದರಿಂದ ವಾದವೇ ಬೇಡವೆಂದು ಯಾರೂ ಹೇಳಲಿಲ್ಲ. ಪ್ರತಿಯೊಂದು ಧರ್ಮದ ಒಳಗೂ ವಾದಗಳುಂಟು. ಮಾಲಿಕ್ ದೀನಾರ್ ಉರೂಸಿಗೆ ಸಾವಿರಾರು ಜನ ಸೇರುವಾಗ, ದರ್ಗಾಗಳಲ್ಲಿ ಹರಕೆ ಹೊರುವುದು ತೌಹೀದಿಗೆ, ಅಂದರೆ ಏಕದೇವತ್ವಕ್ಕೆ, ವಿರುದ್ಧವೆನ್ನುವ ಮುಜಾಹಿದ್ ಪಂಥದವರೂ ಇದೇ ಜಿಲ್ಲೆಯಲ್ಲಿದ್ದಾರೆ. ಬೇಳದ ಇಗರ್ಜಿಯಲ್ಲಿರುವಂಥ ಪ್ರತಿಮೆಗಳು ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟಂಟ್ ಚರ್ಚುಗಳಲ್ಲಿ ಕಾಣಸಿಗುವುದಿಲ್ಲ.

ಹಾಗಾದರೆ ತಮ್ಮವರಲ್ಲದವರ ಗತಿಯೇನು? ಸೌಹಾರ್ದ ಸಭೆಗಳಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ಮೂರೂ ಧರ್ಮಗಳು ತಮ್ಮನ್ನು ತಾವೇ ಕೇಳಿಕೊಂಡಿವೆ. ಯೆಹೂದ್ಯರು ಮತಪ್ರಚಾರಕ್ಕೆ ಹೊರಡುವುದಿಲ್ಲ; ನೋಹನ ಸಂತತಿಗೆಂದು ವಿಧಿಸಿದ ಏಳು ಕಟ್ಟಳೆಗಳನ್ನು ಪಾಲಿಸಿದ ಅನ್ಯನೂ ಪರಲೋಕಕ್ಕೆ ಅರ್ಹನೆಂಬುದು ಅವರ ನಿಲುವು. ಯೇಸುವಿನ ಹೊರತು ರಕ್ಷಣೆಯಿಲ್ಲವೆಂದು ಸಾರಿಕೊಂಡು ಬಂದ ಕಥೊಲಿಕ ಸಭೆ, ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ಘೋಷಣೆಯಲ್ಲಿ, ಮುಸ್ಲಿಮರು ಒಬ್ಬನೇ ದೇವರನ್ನು ಆರಾಧಿಸುವವರೆಂದು ಗೌರವದಿಂದ ಗುರುತಿಸಿತು, ಯೇಸುವಿನ ಸಾವಿನ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಬಾರದೆಂದಿತು. ಕುರ್‌ಆನಿನ 2ನೆಯ ಅಧ್ಯಾಯದ ಒಂದು ವಚನ, ದೇವರನ್ನೂ ಅಂತ್ಯದಿನವನ್ನೂ ನಂಬಿ ಸತ್ಕರ್ಮ ಮಾಡಿದ ಯೆಹೂದ್ಯರಿಗೂ ಕ್ರೈಸ್ತರಿಗೂ ಪ್ರತಿಫಲವುಂಟೆನ್ನುತ್ತದೆ. 3ನೆಯ ಅಧ್ಯಾಯದ ಇನ್ನೊಂದು ವಚನ, ಇಸ್ಲಾಮಲ್ಲದ ಧರ್ಮವನ್ನು ಅರಸಿದವನಿಂದ ಅದು ಸ್ವೀಕೃತವಾಗದೆನ್ನುತ್ತದೆ. ಮೊದಲನೆಯದು ಪ್ರವಾದಿಗಿಂತ ಹಿಂದಿನವರಿಗೆ ಮಾತ್ರ ಅನ್ವಯವೆಂದು ಹಲವು ವ್ಯಾಖ್ಯಾನಕಾರರು ಬರೆದರು. ಹಾಗಲ್ಲ, ಎರಡನೆಯ ವಚನದಲ್ಲಿರುವ ಇಸ್ಲಾಂ ದೇವರಿಗೆ ಶರಣಾಗುವ ಯಾರನ್ನೂ ಒಳಗೊಳ್ಳುತ್ತದೆ ಎಂದು ವಾದಿಸುವ ಆಧುನಿಕ ವಿದ್ವಾಂಸರೂ ಇದ್ದಾರೆ.