ಚೌಕಿ ಮನೆಯ ಒಳಮೂಲೆ ಸೋರುವುದು ಕೊನೆಗೂ ನಿಂತಿತು

ಕಳೆದ ಭಾನುವಾರ ಸಂಜೆ, ನನ್ನ ಪುಟ್ಟ ಮಾದರಿ ಮನೆಯಲ್ಲಿ ಚಾವಣಿಯ ಎರಡು ಇಳಿಜಾರುಗಳು ಕೂಡುವ, ಐದನೆಯ ಬಾರಿಗೆ ಕಟ್ಟಿದ ಒಳಮೂಲೆಯ ಮೇಲೆ ಎರಡು ಚೊಂಬು ನೀರು ಸುರಿದೆ. ಜಗಲಿಗೆ ಹಾಸಿದ್ದ ಪತ್ರಿಕೆಯ ಹಾಳೆಯ ಮೇಲೆ ಒಂದು ಹನಿಯ ಗುರುತೂ ಮೂಡಲಿಲ್ಲ. ಒಂದೂವರೆ ತಿಂಗಳು ನನ್ನ ನಿದ್ದೆ ಕೆಡಿಸಿದ್ದು ಅಂಗೈಯಗಲದ ಈ ಜಾಗ.

ಇಪ್ಪತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ನಾನು ಕಟ್ಟುತ್ತಿರುವುದು ಕರಾವಳಿಯ ಚೌಕಿ ಮನೆ, ಅಂದರೆ ನಡುವೆ ತೆರೆದ ಅಂಗಳವಿರುವ ಮನೆ. ವಿಜಯನಾಥ ಶೆಣೈ ಅವರು 1816ರ ಕುಂಜೂರು ಚೌಕಿ ಮನೆಯನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. ಅದರ ನಡು ಅಂಗಳವನ್ನು ಕಂಡ ದಿನವೇ ಈ ಕೆಲಸ ನನ್ನ ತಲೆಗೆ ಹತ್ತಿತು. ಅದರ ಪಡಿಯಚ್ಚು ತೆಗೆಯುತ್ತಿಲ್ಲವಾದರೂ ಕಾಲ ಮಾತ್ರ ಅದೇ ಇರಬೇಕೆಂದು ಹಟ ಹಿಡಿದಿದ್ದೇನೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಹಿಂದಿನ ಮನೆಗೆ ಮಂಗಳೂರು ಹೆಂಚು ಹೊದಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಅರೆಗೊಳವೆಯ ಕೈಹೆಂಚನ್ನೇ ಜೇಡಿಮಣ್ಣಿನಲ್ಲಿ ಒಂದೊಂದಾಗಿ ಮಾಡಿ ಸುಟ್ಟೆ.

ಕಂಬ, ತೊಲೆ, ಮುಚ್ಚಿಗೆ (ಮರದ ಒಳಚಾವಣಿ) ಎಲ್ಲವೂ ಸಲೀಸಾಗಿ ಮುಗಿದವು. ತೊಡಕಿದ್ದದ್ದು ಅಂಗಳದತ್ತ ಇಳಿಯುವ ಎರಡು ಮಾಡುಗಳು, ಅಂದರೆ ಚಾವಣಿಯ ಇಳಿಜಾರುಗಳು, ಕೂಡುವಲ್ಲಿ. ಮಾಡಿನ ಇಳಿಜಾರು 30 ಡಿಗ್ರಿ. ಸಾಮಾನ್ಯ ಪಕಾಸು (ಹೆಂಚನ್ನು ಹೊರುವ ಓರೆ ಮರ) ಅಡ್ಡಕ್ಕೆ 100 ಮಿ.ಮೀ. ಸಾಗಿ 57.7 ಏರಿದರೆ, ಓರೆಯಾಗಿ ಹೋಗುವ ಮೂಲೆಪಕಾಸು ಅಷ್ಟೇ ಎತ್ತರಕ್ಕೆ 141.4 ಸಾಗಬೇಕು, ಹಾಗಾಗಿ ಅದರ ಇಳಿಜಾರು 22 ಡಿಗ್ರಿಗೆ ಇಳಿಯುತ್ತದೆ. ಎರಡು ಮಾಡುಗಳ ನೀರು ಬಂದು ಸೇರುವ ಕಡೆಯಲ್ಲೇ ಓಟ ಮಂದ! ಉಳಿದೆಡೆಯಂತೆ ಇಲ್ಲಿಯೂ ಹೆಂಚಿನ ಮೂರನೇ ಒಂದು ಪಾಲನ್ನಷ್ಟೇ ಒಂದರ ಮೇಲೊಂದು ಬರುವಂತೆ ಹೊದಿಸಿದ್ದರಿಂದ ನೀರು ಸಂದಿಯಲ್ಲಿ ಹಿಮ್ಮುಖವಾಗಿ ಏರಿ ಜಗಲಿಗೆ ತೊಟ್ಟಿಕ್ಕುತ್ತಿತ್ತು. ಮನೆಯನ್ನು ಕುಗ್ಗಿಸಬಹುದು, ನೀರಿನ ಹನಿಯನ್ನು ಕುಗ್ಗಿಸಲಾಗದು. ಆದ್ದರಿಂದ ಪುಟ್ಟ ಮಾದರಿಯಲ್ಲಿ ಈ ಕಾಟ ಇನ್ನೂ ಹೆಚ್ಚು.

ಹೆಂಚಿನ ಜೊತೆ ಗುದ್ದಾಡುವುದನ್ನು ಬಿಟ್ಟು, ಮೂಲೆಪಕಾಸಿನ ನೆತ್ತಿಯನ್ನೇ ಉದ್ದಕ್ಕೂ ದೋಣಿಯಂತೆ ಕೊರೆದೆ. ಎರಡೂ ಬದಿಯ ಹೆಂಚುಗಳ ತುದಿ ದೋಣಿಯ ಅಂಚಿಗಿಂತ 6 ಮಿ.ಮೀ. ಒಳಗೆ ಚಾಚುವಂತೆ ಓರೆಯಾಗಿ ಉಜ್ಜಿದೆ, ದೋಣಿಯ ಬಾಯಿಯನ್ನು ಸೂರಿನಿಂದ 20 ಮಿ.ಮೀ. ಹೊರಕ್ಕೆ ಬಿಟ್ಟೆ. ಈಗ ನೀರು ಜಗಲಿಯನ್ನು ದಾಟಿ ನೇರ ಅಂಗಳಕ್ಕೆ ಧುಮುಕುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಸೀಮೆಯಲ್ಲಿ ಆ ಜಗಲಿಯ ಮೇಲೆ ಜನ ಕುಳಿತು, ಮಲಗಿ, ಕೆಲಸ ಮಾಡಿ ಬದುಕಿದರೆಂದರೆ, ಲೆಕ್ಕದ ಯಂತ್ರವಿಲ್ಲದ ಆ ಆಚಾರಿಗಳ ಕೈಗೆ ಮುಗಿಯಬೇಕು.

ಮರದ ಅಂಗಡಿಯವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. 4 ಮಿ.ಮೀ. ದಪ್ಪದ ಹಲಸಿನ ಪಟ್ಟಿಗೆ ಹಣ ಪಡೆದು 3.4ರದ್ದನ್ನು ಕಳಿಸಿದರು; ದೋಣಿ ಕೊರೆದಾಗ ಎರಡು ಪಟ್ಟಿಗಳು ತಳ ತೂತಾಗಿ ವ್ಯರ್ಥವಾದವು. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನೋಡದೆ ಯಾರೂ ಪಟ್ಟಿ ಕತ್ತರಿಸಬೇಡಿ.

ಅಂದ ಹಾಗೆ, ಅಂಗಳ ಸಿದ್ಧವಾದೊಡನೆ ಮನೆಯ ಮುಂದೆ ತಿರಿ, ಅಂದರೆ ಬೈಹುಲ್ಲಿನ ಹಗ್ಗ ಸುತ್ತಿ ಭತ್ತ ಕೂಡಿಡುವ ಕಣಜ, ಕಟ್ಟುವ ಆಸೆಯಿದೆ. ಆ ಹಗ್ಗಕ್ಕೆ ಬದಲಾಗಿ ತೆಂಗಿನ ನಾರನ್ನು ಹೊಸೆದು ನೋಡಿದೆ, ತೀರಾ ಒರಟು. ಬಾಳೆನಾರು ಹದವಾಗಿ ಬಾಗುತ್ತಿದೆ. ಅದಕ್ಕೆ ಮೊದಲು ಇನ್ನೂ ಮೂರು ಒಳಮೂಲೆಗಳಿವೆ. ಎರಡನೆಯದರ ದೋಣಿಯನ್ನು ನಾಳೆ ಕೊರೆಯುತ್ತೇನೆ.